ಕುರ್ಚಿ ಬಿಟ್ಟು ಏಳದವಳ ಅಂಕಪಟ್ಟಿ

ಮಾನ್ಯ ನಿರ್ದೇಶಕರೇ,

ಆರರಿಂದ ಹನ್ನೆರಡು ವರ್ಷದ ಮಕ್ಕಳ ದೇಹ, ಬುದ್ಧಿ ಮತ್ತು ನೀತಿಯನ್ನು ಅಳೆದು ಅಂಕ ಕೊಡುವ ಬಾಲವಿಕಾಸ ಮೌಲ್ಯಮಾಪನ ಮಂಡಳಿಗೆ ತಾವು ಮುಖ್ಯಸ್ಥರು. ತಮ್ಮ ಮಂಡಳಿ ನನ್ನ ಹಿರಿಯ ಮಗಳ ಹೆಸರಿನಲ್ಲಿ ಎರಡು ಕಾಗದ ಹೊರಡಿಸಿದೆ. ಮೊದಲನೆಯದು ಅಂಕಪಟ್ಟಿ. ಅದರಲ್ಲಿ ನೈತಿಕ ಬೆಳವಣಿಗೆಯ ಅಂಕಣದೆದುರು ‘ಅತ್ಯುತ್ತಮ, ಪೂರ್ಣ ಅಂಕ’ ಎಂದಿದೆ. ಎರಡನೆಯದು ವಿಚಾರಣಾ ವರದಿ. ಅದರಲ್ಲಿ ಅದೇ ಮಗುವಿನ ನೈತಿಕ ಬೆಳವಣಿಗೆ ‘ವಯಸ್ಸಿಗೆ ತಕ್ಕಷ್ಟು ಆಗಿರಲಿಲ್ಲ’ ಎಂದಿದೆ. ಎರಡೂ ಒಂದೇ ಬೆಳಗಿನ ನಲವತ್ತೊಂದು ನಿಮಿಷಗಳನ್ನು ಕುರಿತವು. ಎರಡಕ್ಕೂ ತಮ್ಮದೇ ಸಹಿ. ಎರಡೂ ನಮ್ಮ ಮನೆಗೆ ಬಂದಾಗ ಮಗು ಇರಲಿಲ್ಲ. ಆ ನಲವತ್ತೊಂದು ನಿಮಿಷಗಳಲ್ಲೇ ಅವಳು ತೀರಿಕೊಂಡಿದ್ದಳು. ವಯಸ್ಸು ಒಂಬತ್ತು ವರ್ಷ ನಾಲ್ಕು ತಿಂಗಳು.

ತಮಗೆ ಖಾಸಗಿಯಾಗಿ ಹನ್ನೊಂದು ಅರ್ಜಿ ಬರೆದಿದ್ದೇನೆ. ಹನ್ನೊಂದಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂದಿದೆ. ಆದ್ದರಿಂದ ಹನ್ನೆರಡನೆಯದನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಪಟು. ವಿಷಯ ಯಾವುದೇ ಇರಲಿ, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎರಡು ಕಡೆಯೂ ನಿಂತು ಗೆದ್ದು ಬಂದವನು. ಹಾಗಾಗಿ ಮೊದಲು ತಮ್ಮ ಪರವಾಗಿಯೇ ವಾದಿಸುತ್ತೇನೆ. ತಮ್ಮ ವರದಿ ಬರೆದವರಿಗಿಂತ ಆ ಕೆಲಸವನ್ನು ಚೆನ್ನಾಗಿ ಮಾಡಬಲ್ಲೆ ಎಂಬ ಭರವಸೆ ನನಗಿದೆ.

ಈ ನಡುವಿನ ವಯಸ್ಸು ದೊಡ್ಡವರ ಕಣ್ಣಿಗೆ ಬೀಳದೆ ಕಳೆದುಹೋಗುವಂಥದ್ದು. ತೊದಲು ಮಾತಿನ ಮುದ್ದು ಮುಗಿದಿರುತ್ತದೆ, ಹದಿಹರೆಯದ ರಗಳೆ ಇನ್ನೂ ಶುರುವಾಗಿರುವುದಿಲ್ಲ. ಮಗು ಸದ್ದಿಲ್ಲದೆ ಮನುಷ್ಯನಾಗುತ್ತಿರುತ್ತದೆ. ಅದನ್ನು ಗಮನಿಸಬೇಕು ಎಂದು ತಮ್ಮ ಮಂಡಳಿ ಹೊರಟಿದ್ದು ಸರಿಯೇ. ನಾನೂ ಗಮನಿಸಿದ್ದೆ. ಮುಂದಿನ ಎರಡು ಹಲ್ಲು ಬಿದ್ದ ಜಾಗದಲ್ಲಿ ಯಾರದೋ ದೊಡ್ಡವರ ಬಾಯಿಂದ ಎರವಲು ತಂದಂಥ ಎರಡು ಹಲ್ಲು ಬಂದವು. ಒಂದೇ ವರ್ಷದಲ್ಲಿ ಮೂರು ಜೊತೆ ಚಪ್ಪಲಿ ಗಿಡ್ಡವಾದವು. ಹಗ್ಗದಾಟದಲ್ಲಿ ಹಗ್ಗವನ್ನು ಹಿಂದುಮುಂದಾಗಿ ತಿರುಗಿಸಿ ಹಾರುವುದನ್ನು ಕಲಿತಳು. ಐದರ ವಯಸ್ಸಿನಲ್ಲಿ ಉದ್ದ ಲೋಟದಲ್ಲೇ ಹಾಲು ಜಾಸ್ತಿ ಎಂದು ಹಟ ಹಿಡಿಯುತ್ತಿದ್ದವಳು, ಏಳಾದಾಗ ಅಗಲ ಲೋಟದಲ್ಲಿ ಎಷ್ಟು ಹಿಡಿಯುತ್ತದೆಂದು ಅರಿತಳು. ಅರಿತ ಕೂಡಲೇ ತಂಗಿಗೆ ಉದ್ದನೆಯದನ್ನು ದಾಟಿಸಿ ತಾನು ಅಗಲದ್ದನ್ನು ಇಟ್ಟುಕೊಂಡು ಮೋಸ ಮಾಡತೊಡಗಿದಳು. ಎಂಟು ತುಂಬಿದ ಮೇಲೆ ಒಂದು ಬೆಳಿಗ್ಗೆ, ಯಾರೂ ಹೇಳದೆ, ಚಮಚ ತಂದು ಎರಡೂ ಲೋಟದ ಹಾಲನ್ನು ಅಳೆದು ಸರಿಸಮ ಮಾಡಿದಳು. ಬುದ್ಧಿ ಮೊದಲು ಬಂತು, ಆತ್ಮಸಾಕ್ಷಿ ಒಂದು ವರ್ಷ ತಡವಾಗಿ ಬಂತು. ತಮ್ಮ ಕೈಪಿಡಿಯ ನೂರಾ ಹದಿನಾಲ್ಕು ಪುಟಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ನನಗೆ ಸಿಗಲಿಲ್ಲ.

ಒಂಬತ್ತಕ್ಕೆ ಬರುವಷ್ಟರಲ್ಲಿ ನಿಯಮ ಎಂದರೆ ಅವಳಿಗೆ ಪ್ರಾಣ. ಮನೆಯಲ್ಲಿ ಅವಳಿಗೆ ‘ಜಡ್ಜಮ್ಮ’ ಎಂದೇ ಹೆಸರು. ಇಟ್ಟವರು ನನ್ನ ತಾಯಿ. ಹಾವು ಏಣಿ ಆಟದಲ್ಲಿ ಅವರು ಕಾಯಿಯನ್ನು ಒಂದು ಮನೆ ಹೆಚ್ಚು ನಡೆಸುವುದು, ಇವಳು ಹಿಡಿಯುವುದು, ದಿನವೂ ನಡೆಯುತ್ತಿದ್ದ ವ್ಯಾಜ್ಯ.

‘ಅಜ್ಜೀ, ಬಿದ್ದಿದ್ದು ಐದು. ನೀನು ಆರು ನಡೆಸಿದೆ.’

‘ಕಣ್ಣು ಮಂಜು ಕಣೇ. ಒಂದು ಮನೆ ತಾನೇ, ಬಿಟ್ಬಿಡೇ.’

‘ಏಣಿ ಇರೋ ಮನೆ ಮಾತ್ರ ಹೇಗೆ ಚೆನ್ನಾಗಿ ಕಾಣುತ್ತೆ ನಿನಗೆ? ವಾಪಸ್ ಇಡು.’

‘ಥೇಟ್ ನಿಮ್ಮಪ್ಪ! ಅವನೂ ಹೀಗೇ ನನ್ನ ಜೀವ ಹಿಂಡಿದ್ದ.’

‘ಅಪ್ಪನ್ನ ಬೈದ್ರೂ ಐದೇ ಅಜ್ಜಿ. ಇಡು.’

ನಾನು ಪಕ್ಕದ ಕೋಣೆಯಲ್ಲಿ ಕೂತು ಹೆಮ್ಮೆಯಿಂದ ಬೀಗುತ್ತಿದ್ದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೆ ಯಾವ ಕನಿಕರವೂ ಇಲ್ಲ.

ಈಗ ತಮ್ಮ ವಿರುದ್ಧದ ವಾದ.

ತಮ್ಮ ಮೌಲ್ಯಮಾಪನದ ಮೂರನೆಯ ಭಾಗ, ನೀತಿಯನ್ನು ಅಳೆಯುವ ‘ಸ್ವನಿಯಂತ್ರಣ ಪ್ರಯೋಗ’. ತಿಳಿಯದವರಿಗಾಗಿ ವಿವರಿಸುತ್ತೇನೆ. ಹೊರಗಿನ ಸದ್ದು ಕೇಳಬಾರದೆಂದು ಗೋಡೆಗೆಲ್ಲ ಸ್ಪಂಜು ಹೊದಿಸಿದ, ಕಿಟಕಿಯಿಲ್ಲದ ಕೋಣೆ. ನಡುವೆ ಒಂದು ಕುರ್ಚಿ. ಮೂಲೆಯ ಕಪಾಟಿನ ಮೇಲೆ ಆಸೆ ಹುಟ್ಟಿಸಲೆಂದು ನಲವತ್ತೆಂಟು ಬಣ್ಣದ ಪೆನ್ಸಿಲುಗಳ ಡಬ್ಬಿ. ಮಗುವಿನ ಚೀಲವನ್ನು ಹೊರಗಿನ ಮೊಳೆಗೆ ತೂಗುಹಾಕಿಸಿ, ಮಗುವನ್ನು ಕೂರಿಸಿ, ‘ನಾನು ಬರುವವರೆಗೆ ಕುರ್ಚಿ ಬಿಟ್ಟು ಏಳಬಾರದು’ ಎಂದು ಹೇಳಿ ಪರೀಕ್ಷಕಿ ಹೊರಗೆ ಹೋಗಬೇಕು. ಹತ್ತು ನಿಮಿಷ ಪಕ್ಕದ ಕೋಣೆಯ ಕ್ಯಾಮೆರಾ ಪರದೆಯಲ್ಲಿ ನೋಡುತ್ತಿರಬೇಕು. ಎದ್ದರೆ ಸೊನ್ನೆ; ಏಳದಿದ್ದರೆ ಪೂರ್ಣ ಅಂಕ. ಮನುಕುಲ ಇಷ್ಟು ಕಾಲದಿಂದ ತಲೆ ಕೆಡಿಸಿಕೊಂಡ ಒಳಿತು ಕೆಡುಕಿನ ಪ್ರಶ್ನೆಯನ್ನು ತಾವು ಒಂದು ಕುರ್ಚಿಯಲ್ಲಿ ಬಗೆಹರಿಸಿದ್ದೀರಿ. ಅಭಿನಂದನೆಗಳು.

ನನ್ನ ಮಗಳಿಗೆ ಉಬ್ಬಸವಿತ್ತು. ‘ಔಷಧದ ಪಂಪು ಸದಾ ಮಗುವಿನ ಕೈಗೆಟುಕುವಂತಿರಬೇಕು’ ಎಂದು ಅವಳ ತಾಯಿ ತಮ್ಮ ನಮೂನೆಯ ಎರಡನೇ ಪುಟದಲ್ಲಿ ಬರೆದು, ಕೆಳಗೆ ಗೆರೆ ಎಳೆದಿದ್ದಳು. ಪಂಪು ಚೀಲದಲ್ಲಿತ್ತು. ಚೀಲ ಮೊಳೆಯಲ್ಲಿತ್ತು. ಅವಳನ್ನು ಕೂರಿಸಿದ ಮೂರನೇ ನಿಮಿಷಕ್ಕೆ ಪರೀಕ್ಷಕಿಗೆ ಕೆಳಮಹಡಿಯಿಂದ ಕರೆ ಬಂತು: ನಮೂನೆಗಳ ಲೆಕ್ಕ ತಾಳೆಯಾಗುತ್ತಿಲ್ಲ, ತಕ್ಷಣ ಬನ್ನಿ. ಆಕೆ ಹೋದಳು. ತಾಳೆ ನೋಡುತ್ತಿದ್ದ ಆ ಕಟ್ಟಿನಲ್ಲಿ, ಮೇಲಿನಿಂದ ಆರನೆಯದಾಗಿ, ತಾಯಿ ಗೆರೆ ಎಳೆದ ನಮೂನೆಯೂ ಇತ್ತು. ಆಕೆಯ ಬೆರಳು ಅದನ್ನು ಎಣಿಸಿದೆ. ಎಣಿಸುವ ಕೆಲಸದಲ್ಲಿ ಓದುವುದು ಸೇರಿಲ್ಲ.

ಪರದೆಯ ದೃಶ್ಯಮುದ್ರಿಕೆಯನ್ನು ನ್ಯಾಯಾಲಯದ ಆದೇಶ ತಂದು ನೋಡಿದ್ದೇನೆ. ಅದಕ್ಕೆ ದನಿಯಿಲ್ಲ. ತಾವು ನೋಡಿಲ್ಲವೆಂದು ವಿಚಾರಣೆಯಲ್ಲಿ ತಾವೇ ಹೇಳಿದ್ದೀರಿ. ಆದ್ದರಿಂದ ಹೇಳುತ್ತೇನೆ, ಮುಖ ತಿರುಗಿಸಬೇಡಿ. ಒಂಬತ್ತನೇ ನಿಮಿಷಕ್ಕೆ ಕೆಮ್ಮು. ಹದಿಮೂರಕ್ಕೆ ಭುಜಗಳು ಏರಿಳಿಯಲು ಶುರು. ಹದಿನಾಲ್ಕಕ್ಕೆ ಅವಳು ಕೈ ಎತ್ತುತ್ತಾಳೆ. ಯಾರೂ ಇಲ್ಲದ ಕೋಣೆಯಲ್ಲಿ, ಗೋಡೆಯ ಸ್ಪಂಜಿನ ಎದುರು, ತರಗತಿಯಲ್ಲಿ ಅಪ್ಪಣೆ ಕೇಳುವ ಹಾಗೆ ಕೈ ಎತ್ತಿ ಕಾಯುತ್ತಾಳೆ. ತುಟಿ ಅಲುಗುತ್ತದೆ: ‘ಮಿಸ್’. ಹದಿನೇಳಕ್ಕೆ ಎತ್ತಿದ ಕೈ ಸೋತು, ಇನ್ನೊಂದು ಕೈಯನ್ನು ಮೊಣಕೈಗೆ ಆನಿಸಿ ಹಿಡಿಯುತ್ತಾಳೆ. ಇಪ್ಪತ್ತಕ್ಕೆ ಕೈ ಇಳಿಸಿ ಏನೋ ಯೋಚಿಸುತ್ತಾಳೆ. ಆ ಮುಖ ನನಗೆ ಗೊತ್ತು. ಅಜ್ಜಿಯ ಕಾಯಿಯನ್ನು ಹಿಡಿಯುವ ಮುಂಚಿನ ಮುಖ. ಆಮೇಲೆ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಕಾಲನ್ನು ನೆಲಕ್ಕೆ ಒತ್ತಿ, ಕೂತಲ್ಲಿಂದಲೇ ಕುರ್ಚಿಯನ್ನು ಬಾಗಿಲ ಕಡೆಗೆ ಸರಿಸತೊಡಗುತ್ತಾಳೆ.

ಅರ್ಥವಾಯಿತೇ? ಕುರ್ಚಿ ಬಿಟ್ಟು ಏಳಬಾರದು ಎಂದಿದ್ದರು. ಅವಳು ಬಿಡಲಿಲ್ಲ, ಏಳಲಿಲ್ಲ. ಕುರ್ಚಿಯನ್ನೇ ಕರೆದುಕೊಂಡು ಹೊರಟಳು. ಉಸಿರು ಸಿಗದೆ ನೀಲಿಗಟ್ಟುತ್ತಿದ್ದ ಮಗು ತಮ್ಮ ನಿಯಮವನ್ನೂ ಉಳಿಸಿ ತನ್ನನ್ನೂ ಉಳಿಸಿಕೊಳ್ಳುವ ದಾರಿಯೊಂದನ್ನು ಹುಡುಕಿತು. ದೇಹ, ಬುದ್ಧಿ, ನೀತಿ: ತಮ್ಮ ಮೂರೂ ಅಂಕಣಗಳು ಒಟ್ಟಾಗಿ ದುಡಿದ ಏಳು ನಿಮಿಷಗಳವು. ಕುರ್ಚಿ ಎರಡೂಕಾಲು ಮೀಟರು ಸರಿಯಿತು. ಅಲ್ಲಿ ನೆಲಹಾಸಿನ ಅಂಚು ಮಡಚಿಕೊಂಡಿತ್ತು. ಮುಂದಿನ ಕಾಲುಗಳು ಸಿಕ್ಕಿಕೊಂಡವು. ಬಾಗಿಲಿಗೆ ಇನ್ನು ಒಂದೂವರೆ ಮೀಟರು. ನಾನೇ ಅಳತೆ ಪಟ್ಟಿ ತೆಗೆದುಕೊಂಡು ಹೋಗಿ ಅಳೆದಿದ್ದೇನೆ. ಅವಳು ಕೊನೆಯವರೆಗೂ ಕುರ್ಚಿಯಲ್ಲೇ ಇದ್ದಳು.

ನಲವತ್ತೊಂದನೇ ನಿಮಿಷಕ್ಕೆ ಪರೀಕ್ಷಕಿ ಬಂದಾಗ ಮಗು ಕುರ್ಚಿಯಲ್ಲಿತ್ತು. ಆದ್ದರಿಂದ ಪೂರ್ಣ ಅಂಕ. ಅಂಕ ಯಂತ್ರಕ್ಕೆ ಹೋಯಿತು, ಯಂತ್ರ ಅಂಕಪಟ್ಟಿ ಮುದ್ರಿಸಿತು, ಅಂಚೆಯವನು ಅದನ್ನು ಹದಿನಾರನೆಯ ದಿನ ನನ್ನ ಹೆಂಡತಿಯ ಕೈಗೆ ಕೊಟ್ಟ. ಹೊಂಬಣ್ಣದ ನಕ್ಷತ್ರವೂ ಇತ್ತು.

ಇನ್ನು ವಿಚಾರಣಾ ವರದಿ. ‘ಒಂಬತ್ತು ವರ್ಷದ ಸಾಮಾನ್ಯ ಮಗುವು ನಿಯಮಕ್ಕೂ ಆಪತ್ತಿಗೂ ಇರುವ ವ್ಯತ್ಯಾಸವನ್ನು ಅರಿಯಬೇಕಿದ್ದು, ಸದರಿ ಮಗುವು ಆ ಹಂತವನ್ನು ತಲುಪಿರಲಿಲ್ಲವಾಗಿ, ಮಂಡಳಿಯ ಲೋಪ ಕಂಡುಬರುವುದಿಲ್ಲ. ಕುರ್ಚಿಯನ್ನು ಸ್ಥಳಾಂತರಿಸಿದ್ದು ಸೂಚನೆಯ ಆಶಯಕ್ಕೆ ವಿರುದ್ಧ.’ ಈ ವಾಕ್ಯಗಳನ್ನು ಬರೆದ ಕೈಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಬರುತ್ತದೆ; ಬಾರದವರು ಹೀಗೆ ಬರೆಯುವುದಿಲ್ಲ. ನನ್ನ ಪ್ರಶ್ನೆ ಬೇರೆ. ಅವಳು ಅತ್ಯುತ್ತಮಳಾಗಿದ್ದರೆ, ತಮ್ಮ ಅತ್ಯುತ್ತಮದ ಅರ್ಥ ಸಾಯುವವರೆಗೆ ಸುಮ್ಮನಿರುವುದು. ಅವಳು ಹಿಂದುಳಿದಿದ್ದರೆ, ಸುಮ್ಮನಿದ್ದವರಿಗೆಲ್ಲ ಪೂರ್ಣ ಅಂಕ ಕೊಡುತ್ತ ಬಂದ ತಮ್ಮ ಮಂಡಳಿ ಇಷ್ಟು ವರ್ಷ ಹಿಂದುಳಿದವರಿಗೆ ನಕ್ಷತ್ರ ಹಂಚಿದೆ. ಎರಡರಲ್ಲಿ ಯಾವುದು? ಎರಡು ಕುದುರೆಯ ಮೇಲೆ ಒಟ್ಟಿಗೆ ಕಾಲಿಟ್ಟವರನ್ನು ಸರ್ಕಸ್ಸಿನಲ್ಲಿ ನೋಡಿದ್ದೆ. ಮಗುವಿನ ಹೆಣದ ಮೇಲೆ ನಿಂತು ಅದನ್ನು ಮಾಡಿದವರನ್ನು ನೋಡಿದ್ದು ಇದೇ ಮೊದಲು.

ತಾವು ನನಗೆ ಆರು ನಿಮಿಷ ಭೇಟಿ ಕೊಟ್ಟಿರಿ. ನೆನಪಿಸುತ್ತೇನೆ. ತಮ್ಮ ಪಕ್ಕದಲ್ಲಿ ಕಡತ ಹಿಡಿದ ಗುಮಾಸ್ತರು ನಿಂತಿದ್ದರು.

‘ನೋಡಿ, ಬಾಗಿಲಿಗೆ ಬೀಗ ಹಾಕಿರ್ಲಿಲ್ಲ’ ಎಂದಿರಿ.

‘ಹೌದು ಸರ್.’

‘ಯಾರೂ ಕಟ್ಟಿಹಾಕಿರ್ಲಿಲ್ಲ.’

‘ಇಲ್ಲ ಸರ್.’

‘ಮತ್ತೆ? ಎದ್ದು ಬರಬಹುದಿತ್ತಲ್ಲ ರೀ. ನನ್ನ ಮೊಮ್ಮಗ ಆಗಿದ್ರೆ ಎರಡೇ ನಿಮಿಷಕ್ಕೆ ಎದ್ದು ಓಡಿ ಬರ್ತಿದ್ದ.’

‘ಅವನಿಗೆ ಎಷ್ಟು ಅಂಕ ಕೊಡ್ತಿದ್ರಿ ಸರ್?’

ತಮಗಿಂತ ಮೊದಲೇ ಗುಮಾಸ್ತರು ಅಭ್ಯಾಸಬಲದಿಂದ ಕಡತ ತೆರೆದು, ‘ಸೊನ್ನೆ ಸರ್, ಕೈಪಿಡಿ ಪ್ರಕಾರ’ ಎಂದರು. ತಮ್ಮ ಕಚೇರಿಯಲ್ಲಿ ನಾನು ಕೇಳಿದ ಒಂದೇ ಒಂದು ನೇರ ಉತ್ತರ ಅದು. ಅವರನ್ನು ಮರುದಿನವೇ ಬೇರೆ ವಿಭಾಗಕ್ಕೆ ಕಳಿಸಿದಿರೆಂದು ಕೇಳಿದೆ. ತಮ್ಮಲ್ಲೂ ಕೆಲವು ಕೆಲಸಗಳು ತಕ್ಷಣ ಆಗುತ್ತವೆ ಎಂದು ತಿಳಿದು ಸಮಾಧಾನವಾಯಿತು.

ನಾನು ಹೊಟ್ಟೆಪಾಡಿಗೆ ಲಿಫ್ಟುಗಳನ್ನು ತಪಾಸಣೆ ಮಾಡುವವನು. ಕಟ್ಟಡ ಎಷ್ಟೇ ದೊಡ್ಡವರದಾಗಿರಲಿ, ಒಳಗೆ ಸಿಕ್ಕಿಕೊಂಡವನು ಒತ್ತಲು ಗಂಟೆಯೊಂದು ಇಲ್ಲದಿದ್ದರೆ, ಒತ್ತಿದಾಗ ಕೇಳುವ ಜಾಗದಲ್ಲಿ ಒಬ್ಬ ಮನುಷ್ಯ ಕೂತಿರದಿದ್ದರೆ, ನಾನು ಸಹಿ ಹಾಕುವುದಿಲ್ಲ. ಮೂಟೆ ಸಾಗಿಸುವ ಲಿಫ್ಟಿಗೂ ಆ ಗಂಟೆ ಬೇಕು. ಹಾಗಿರುವಾಗ ಮಕ್ಕಳನ್ನು ಒಂಟಿಯಾಗಿ ಕೂರಿಸುವ ಕೋಣೆಗೆ ಗಂಟೆ ಏಕಿರಲಿಲ್ಲ ಎಂದು ಕೇಳಿದ್ದಕ್ಕೆ ತಮ್ಮ ಕಚೇರಿ ಲಿಖಿತವಾಗಿ ಕೊಟ್ಟ ಉತ್ತರ ಇದು: ‘ಗಂಟೆಯಿದ್ದಲ್ಲಿ ಮಕ್ಕಳು ಒತ್ತುವ ಸಂಭವವಿದ್ದು, ಪ್ರಯೋಗದ ಶುದ್ಧತೆಗೆ ಧಕ್ಕೆಯಾಗುತ್ತದೆ.’ ಪ್ರಯೋಗ ಶುದ್ಧವಾಗಿಯೇ ಉಳಿದಿದೆ, ಮಾನ್ಯರೇ. ಯಾರೂ ಏನನ್ನೂ ಒತ್ತಲಿಲ್ಲ.

ನನ್ನ ಪಾಲನ್ನು ಮುಚ್ಚಿಡುವುದಿಲ್ಲ. ಎದುರಾಳಿ ಎತ್ತಿ ತೋರುವ ಮುನ್ನ ತಾನೇ ಒಪ್ಪಿಕೊಳ್ಳಬೇಕೆಂದು ವಾದಕಲೆಯಲ್ಲಿ ಕಲಿತಿದ್ದೇನೆ. ಆ ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳುತ್ತ ಅವಳು ಕೇಳಿದಳು: ‘ಅಪ್ಪಾ, ಅವ್ರು ಹೇಳಿದ್ದೆಲ್ಲ ಕೇಳ್ಬೇಕಾ?’ ನಾನು ಕೈಯಲ್ಲಿದ್ದ ಪತ್ರಿಕೆಯಿಂದ ತಲೆ ಎತ್ತದೆ, ‘ಒಂದಕ್ಷರ ಬಿಡದೆ ಕೇಳು’ ಎಂದೆ. ಅವಳು ಒಂದಕ್ಷರ ಬಿಡಲಿಲ್ಲ. ಆ ವಾಕ್ಯವನ್ನು ವಾಪಸು ಪಡೆಯಲು ನನಗೆ ಅವಕಾಶವಿಲ್ಲ. ತಮಗಿದೆ. ಆದ್ದರಿಂದಲೇ ಈ ಪತ್ರ.

ನನಗೆ ಇನ್ನೊಬ್ಬಳು ಮಗಳಿದ್ದಾಳೆ. ಆರೂವರೆ ವರ್ಷ. ಅಕ್ಕನದೇ ಎದೆಗೂಡು, ಅದೇ ಪಂಪು. ಬರುವ ತಿಂಗಳ ಹತ್ತೊಂಬತ್ತರಂದು ಅದೇ ಕಟ್ಟಡದಲ್ಲಿ ಅವಳ ಮೌಲ್ಯಮಾಪನವೆಂದು ತಮ್ಮ ನೋಟೀಸು ಬಂದಿದೆ. ಕಳಿಸುವುದಿಲ್ಲ ಎಂದು ಬರೆದು ಕೊಟ್ಟಿದ್ದೇನೆ; ಮೌಲ್ಯಮಾಪನವಿಲ್ಲದೆ ಮುಂದಿನ ತರಗತಿಗೆ ಹಾಕುವುದಿಲ್ಲವೆಂದರೆ ಹಾಕಬೇಡಿ. ಆದರೆ ತಮ್ಮ ಕೋಣೆಯಿಂದ ಅವಳನ್ನು ತಪ್ಪಿಸಬಹುದು, ಲೋಕದ ಕುರ್ಚಿಗಳಿಂದೆಲ್ಲ ತಪ್ಪಿಸಲಾದೀತೇ? ಅದಕ್ಕಾಗಿ ಭಾನುವಾರಗಳ ಮಧ್ಯಾಹ್ನ ಅವಳಿಗೆ ಪಾಠ ಹೇಳುತ್ತೇನೆ. ಕೋಣೆಯಲ್ಲಿ ಕೂರಿಸಿ, ‘ನಾನು ಬರೋವರೆಗೂ ಏಳ್ಬೇಡ’ ಎಂದು ಹೇಳಿ, ಬಾಗಿಲ ಹೊರಗೆ ನಿಂತು, ಅವಳು ಎದ್ದು ಬರಲೆಂದು ಕಾಯುತ್ತೇನೆ. ಬಾಯಾರಿಸಿ ಕೂರಿಸಿದ್ದೇನೆ. ಹೊರಗಿನಿಂದ ಅವಳ ಗೆಳತಿಯರಿಂದ ಕೂಗಿಸಿದ್ದೇನೆ. ಇದು ಕ್ರೌರ್ಯವೆಂದು ನನಗೆ ಗೊತ್ತು. ‘ಮಗೂನ ಯಾಕೋ ಹೀಗೆ ಗೋಳು ಹೊಯ್ಕೋತೀಯ?’ ಎಂದು ನನ್ನ ತಾಯಿ ಅಳುತ್ತಾರೆ. ಆರು ಭಾನುವಾರ ಕಳೆದಿವೆ. ಅವಳು ಒಮ್ಮೆಯೂ ಎದ್ದಿಲ್ಲ. ಕಳೆದ ವಾರ ಕೂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಿದ್ದಳು.

‘ಬಾತ್‌ರೂಮಿಗೆ ಎದ್ದು ಹೋಗ್ಬಹುದಿತ್ತಲ್ಲ ಪುಟ್ಟೀ’ ಎಂದೆ.

‘ನೀನೇ ಏಳ್ಬೇಡ ಅಂದ್ಯಲ್ಲ.’

‘ನಾನು ಬೇಡ ಅಂದ್ರೂ ಏಳಬಹುದು.’

‘ಹಂಗಾದ್ರೆ ಬೇಡ ಅಂತ ಯಾಕೆ ಹೇಳ್ತೀಯ?’

ನಾಲ್ಕು ವರ್ಷ ವೇದಿಕೆಗಳ ಮೇಲೆ ಯಾರಿಗೂ ಸೋಲದವನು ಒಣ ಬಟ್ಟೆ ತಂದು ಅವಳಿಗೆ ತೊಡಿಸತೊಡಗಿದೆ. ಅವಳು ನನ್ನನ್ನು ಸಮಾಧಾನಪಡಿಸುವವಳಂತೆ, ‘ಅಕ್ಕ ಎದ್ದಿರ್ಲಿಲ್ಲ ಅಲ್ವಾ? ಅದಕ್ಕೇ ಅವಳಿಗೆ ನಕ್ಷತ್ರ ಕೊಟ್ರು. ನಾನೂ ಏಳಲ್ಲ’ ಎಂದಳು.

ನಾನು ಅವಳ ಮುಂದೆ ಮಂಡಿಯೂರಿ ಹೇಳಿದೆ, ಅದು ತಪ್ಪು ನಕ್ಷತ್ರ, ತಪ್ಪಿ ಬಂದದ್ದು ಎಂದು.

‘ಅದು ನೀನು ಹೇಳೋದು. ಅವ್ರು ಹೇಳಿಲ್ವಲ್ಲ. ರೂಲ್ಸ್ ಮಾಡಿದೋರೇ ಹೇಳ್ಬೇಕು.’

ಈ ವಯಸ್ಸಿನ ಮಗುವಿಗೆ ನಿಯಮ ಎಂದರೆ ಮಾಡಿದವರ ಸ್ವತ್ತು. ಅವರ ಹೊರತು ಬೇರೆ ಯಾರೂ ಅದನ್ನು ಸಡಿಲಿಸಲಾರರು ಎಂದು ತಮ್ಮ ಕೈಪಿಡಿಯ ಅರವತ್ತೆರಡನೇ ಪುಟ ಹೇಳುತ್ತದೆ. ತಾವೇ ಬರೆದ ಪುಟ ಅದು. ಸರಿಯಾಗಿಯೇ ಬರೆದಿದ್ದೀರಿ. ತಂದೆಯ ಮಾತು ನಡೆಯುವುದಿಲ್ಲ, ತಾಯಿಯದೂ ಅಜ್ಜಿಯದೂ ನಡೆಯುವುದಿಲ್ಲ. ಈ ಲೋಕದಲ್ಲಿ ನನಗೆ ಉಳಿದಿರುವ ಒಬ್ಬಳೇ ಮಗಳನ್ನು ಕುರ್ಚಿಯಿಂದ ಏಳಿಸಬಲ್ಲವರು ತಾವೊಬ್ಬರೇ. ನಾನು ಅತಿ ಹೆಚ್ಚು ದ್ವೇಷಿಸುವ ಮನುಷ್ಯನ ಎದುರು ನಾನು ಕೈಯೊಡ್ಡಬೇಕಾಗಿದೆ. ಇದನ್ನು ಓದಿ ತಮಗೆ ಸಂತೋಷವಾದರೆ ಆಗಲಿ, ಅಡ್ಡಿಯಿಲ್ಲ.

ಪರಿಹಾರ ಬೇಡ. ತಮ್ಮ ರಾಜೀನಾಮೆಯೂ ಬೇಡ. ಆ ಕುರ್ಚಿ ಬಿಟ್ಟು ತಾವು ಏಳುವವರಲ್ಲವೆಂದು ಬಲ್ಲೆ. ಆ ಕೋಣೆಗಳನ್ನು ಹತ್ತೊಂಬತ್ತರ ಒಳಗೆ ಮುಚ್ಚಿ, ಎರಡೂ ಕಾಗದಗಳನ್ನು ಹಿಂದಕ್ಕೆ ಪಡೆಯಿರಿ. ಅದು ಎಲ್ಲ ತಂದೆತಾಯಿಯರ ಪರವಾಗಿ. ನನ್ನ ಮನೆಗೆ ಬೇಕಿರುವುದು ಒಂದು ಪತ್ರ. ನನ್ನ ಹೆಸರಿಗಲ್ಲ, ಚಿಕ್ಕವಳ ಹೆಸರಿಗೆ, ಮಂಡಳಿಯ ಗುಂಡು ಮುದ್ರೆಯೊಂದಿಗೆ, ತಮ್ಮ ಕೈಬರಹದಲ್ಲಿ. ಈಗಷ್ಟೇ ಕೂಡಿಸಿ ಓದಲು ಕಲಿತಿದ್ದಾಳೆ, ಆದ್ದರಿಂದ ಅಕ್ಷರ ದಪ್ಪಗಿರಲಿ. ಕಡತ ಗುಮಾಸ್ತರಿಗೆ ಹೋಗಿ ತಡವಾಗದಿರಲೆಂದು ಒಕ್ಕಣೆಯನ್ನು ನಾನೇ ಸಿದ್ಧಪಡಿಸಿದ್ದೇನೆ:

‘ಪುಟ್ಟೀ, ಉಸಿರು ಸಾಲದೆ ಹೋದರೆ ಏಳು. ಯಾರು ಬೇಡ ಎಂದರೂ ಏಳು. ಬಾಗಿಲು ತೆರೆದು ಓಡಿ ಬಾ. ಹಾಗೆ ಏಳುವವರೇ ಜಾಣರು. ನಿನ್ನ ಅಕ್ಕನೂ ಜಾಣೆ. ತಪ್ಪು ನನ್ನದು.’

ಕೊನೆಯ ಎರಡು ಪದ ಓದುವುದು ಅವಳಿಗೆ ಕಷ್ಟವಾದರೆ ನಾನು ಓದಿಸುತ್ತೇನೆ. ತಾವು ಬರೆದರೆ ಸಾಕು.

ಇಂತಿ,
ಒಬ್ಬಳನ್ನು ಕೂರಿಸಿ ಕಳೆದುಕೊಂಡು, ಇನ್ನೊಬ್ಬಳನ್ನು ಏಳಿಸಲಾರದೆ ನಿಂತಿರುವ
ಮಾಜಿ ಚರ್ಚಾಪಟು